ಒಂದು ದಿನದ ಚಳಿಗಾಲ

ಅಯ್ಯೋ, ನೀವೂ ಅದನ್ನೇ ಕೇಳಿಬಿಟ್ರಾ? ಈ ದಿನ ಈ ಊರಿಗೆ ಕಾಲಿಟ್ಟೋರೆಲ್ಲ ಅದನ್ನೇ ಕೇಳ್ತಾರೆ. ಇಂಥಾ ಸುಡು ಬಿಸಿಲಲ್ಲಿ, ಕಾಗೆ ಸಹ ಬಾಯಿ ಬಿಟ್ಕೊಂಡು ಕೂತಿರೋ ಹೊತ್ತಲ್ಲಿ, ಊರಿಗೆ ಊರೇ ಕಂಬಳಿ ಹೊದ್ಕೊಂಡು ಯಾಕೆ ಕೂತಿದೆ ಅಂತ. ಚಳಿ, ಸ್ವಾಮಿ. ಚಳಿ ಅಷ್ಟೇ. ನಗ್ಬೇಡಿ, ಊರ ಯಜಮಾನರು ನೋಡ್ತಿದಾರೆ. ಬೇರೆ ಊರಲ್ಲಿ ಚಳಿಗಾಲ ಬಂದು ಹೋದ್ರೆ ಮುಗೀತು. ನಮ್ಮಲ್ಲಿ ಅದು ಬೇಸಿಗೇಲೂ ಒಂದು ದಿನ ಬರುತ್ತೆ. ಪಂಚಾಂಗದಲ್ಲೇ ಇದೆ. ನನಗೇನು ಇಷ್ಟಾನಾ ಅಂದ್ಕೊಂಡ್ರಾ? ಈ ಕಂಬಳಿ ಚುಚ್ಚುತ್ತೆ, ಬೆನ್ನೆಲ್ಲ ಬೆವರುಸಾಲೆ. ಆದ್ರೆ ತೆಗೆಯೋ ಹಾಗಿಲ್ಲ. ಈ ಊರಲ್ಲಿ ಮೊದಲು ಹೊದ್ದೋನೇ ನಾನು.

ಕೂತ್ಕೊಳ್ಳಿ, ಹೇಳ್ತೀನಿ. ಈ ತುದಿ ನಿಮ್ಮ ಮೇಲೂ ಎಳ್ಕೊಳ್ಳಿ. ಬರೀ ಮೈಯಲ್ಲಿ ಕೂತ್ರೆ ಚೆನ್ನಾಗಿರಲ್ಲ.

ನಮ್ಮ ಊರಲ್ಲಿ ಒಂದು ಕಟ್ಟಳೆ ಇದೆ. ಯಾರೂ ಯಾವುದನ್ನೂ ಮೊದಲು ಬಾಯಿಗೆ ಹಾಕಲ್ಲ. ಅನ್ನ ಇರಲಿ, ಹಣ್ಣಿರಲಿ, ಹೊಸ ಬಾವಿಯ ನೀರಿರಲಿ, ಇನ್ನೊಬ್ಬ ತಿಂದು ಬದುಕಿದಾನೆ ಅಂತ ಕಣ್ಣಾರೆ ಕಂಡ ಮೇಲೇ ಮುಟ್ಟೋದು. ಯಾಕೆ ಹೀಗೆ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ಮೊದಲು ಕೇಳೋರು ಯಾರು ಅಂತ ಕಾಯ್ತಿದಾರೆ.

ಹೀಗೆ ಎಲ್ಲರೂ ಕಾಯ್ತಾ ಕೂತ್ರೆ ಊರು ಉಪವಾಸ ಬೀಳುತ್ತಲ್ಲ, ಅದಕ್ಕೇ ಮೊದಲ ಬಾಯಿ ಅಂತ ಒಬ್ಬ ಇರ್ತಾನೆ. ಅದು ನಾನು. ನನಗಿಂತ ಮುಂಚೆ ನಮ್ಮಪ್ಪ, ಅವನಿಗಿಂತ ಮುಂಚೆ ಅವನಪ್ಪ. ಜನ ನನ್ನನ್ನ ಬಾಯಣ್ಣ ಅಂತ ಕರೀತಾರೆ. ಕೆಲಸ ಕಷ್ಟದ್ದೇನಲ್ಲ. ನಮ್ಮನೆಯವಳು ಮಾಡಿಕೊಟ್ಟ ಅಡುಗೆ ತಗೊಂಡು ಊರ ನಡುವಿನ ಕಟ್ಟೆಗೆ ಬರ್ತೀನಿ. ಕೂರೋದು. ನುಂಗೋದು. ಏಳೋದು. ಒಂದು ಸುತ್ತು ತಿರುಗೋದು. "ಆಯ್ತು" ಅನ್ನೋದು. ನಾನು ಆಯ್ತು ಅಂದ ಮೇಲೆ ಮನೆಮನೇಲೂ ತಟ್ಟೆ ಸದ್ದು ಶುರುವಾಗುತ್ತೆ.

ಕಷ್ಟ ಇಲ್ಲ ಅಂದ್ನಲ್ಲ, ಎಡವಟ್ಟು ಇದೆ. ಒಂದು ಮದುವೇಲಿ ಕುದಿಯೋ ಪಾಯಸ ಹಾಗೇ ನುಂಗಿ ನಾಲಿಗೆ ಸುಟ್ಕೊಂಡೆ. ಎದ್ದೆ, ಸುತ್ತು ತಿರುಗಿದೆ, "ಆ... ಆ..." ಅಂತೀನಿ, ಮುಂದಕ್ಕೆ ಬರ್ತಾನೇ ಇಲ್ಲ. ಬೀಗರು ಎಲೆ ಮುಂದೆ ಕೂತು ನನ್ನ ಬಾಯನ್ನೇ ನೋಡಿದ್ರು. ಅನ್ನ ಆರಿತು. ಪಾಯಸ ಕೆನೆ ಕಟ್ಟಿತು. ನೊಣಗಳಿಗೆ ಕಟ್ಟಳೆ ಇಲ್ವಲ್ಲ, ಅವು ಊಟ ಶುರು ಮಾಡಿದ್ವು.

ಇನ್ನೊಂದು ವಿಷಯ ಇದೆ. ಅದನ್ನ ನಾವು ಬಾಯಿ ಬಿಟ್ಟು ಹೇಳಲ್ಲ. ಕಾಲಿನ ವಿಷಯ.

ನಮ್ಮ ಊರಲ್ಲಿ ಪಂಚೆ ಬೇರೆ ಊರಿಗಿಂತ ಗೇಣುದ್ದ ಜಾಸ್ತಿ. ಸೀರೆ ನೆಲ ಗುಡಿಸುತ್ತೆ. ಚಪ್ಪಲಿ ಹೊಲಿಯೋನು ಎಡಗಾಲಿಗೊಂದು ಬಲಗಾಲಿಗೊಂದು ಅಂತ ಬೇರೆ ಬೇರೆ ಅಳತೆ ತಗೊಳ್ತಾನೆ, ತಲೆ ಎತ್ತಿ ಮುಖ ನೋಡಲ್ಲ. ಯಾರದಾದ್ರೂ ಒಂದು ಕಾಲು ಕಂಬದ ಹಾಗೆ ದಪ್ಪಗಾದ್ರೆ, "ಮೆಟ್ಟಿಲು ಜಾರ್ತು" ಅಂತಾರೆ. "ಓಹೋ, ಮೆಟ್ಟಿಲಾ" ಅಂತ ನಾವೂ ತಲೆ ಆಡಿಸ್ತೀವಿ. ಇಡೀ ಊರಲ್ಲಿ ಮೆಟ್ಟಿಲಿರೋದು ಯಜಮಾನರ ಮನೆಗೆ ಮಾತ್ರ. ಅರ್ಧ ಊರು ಅಲ್ಲೇ ಜಾರಿದೆ. ಸ್ವತಃ ಯಜಮಾನರೂ ಯಾವಾಗ್ಲೂ ತೊಡೆ ಮೇಲಿಂದ ಪಾದದವರೆಗೂ ಶಾಲು ಇಳಿಬಿಟ್ಕೊಂಡೇ ಕೂರೋದು. ಅವರ ಮೆಟ್ಟಿಲು ಅವರಿಗೆ ಜಾರದೆ ಇರುತ್ತಾ?

ನಮ್ಮನೆಯವಳೂ ಜಾರಿದಾಳೆ. ಅವಳ ಒಂದು ಕಾಲ್ಗೆಜ್ಜೆ ಕಾಲಲ್ಲಿದೆ, ಇನ್ನೊಂದು ಗೂಡಲ್ಲಿದೆ. ಅದರ ಬಗ್ಗೆ ಅವಳು ಯಾವತ್ತೂ ಅತ್ತಿಲ್ಲ. ಆದ್ರೆ ದಿನಾ ದೀಪ ಹಚ್ಚೋ ಹೊತ್ತಿಗೆ ಮಗಳನ್ನ ಹೊಸಿಲ ಮೇಲೆ ಕೂರಿಸಿ ಕಾಲಿಗೆ ಎಣ್ಣೆ ಸವರ್ತಾಳೆ. ಸವರಿ, ಎರಡೂ ಪಾದ ಜೋಡಿಸಿ ಹಿಡ್ಕೊಂಡು ನನ್ನ ಕೇಳ್ತಾಳೆ.

"ರೀ, ನೋಡಿ. ಎರಡೂ ಒಂದೇ ಥರ ಇದೆ ತಾನೆ?"

"ಇದೆ."

"ಸರಿಯಾಗಿ ನೋಡಿ ಹೇಳಿ."

"ಇದೆ ಕಣೇ."

ದಿನಾ ಕೇಳ್ತಾಳೆ. ದಿನಾ ಹೇಳ್ತೀನಿ. ಒಂದು ದಿನ ಇಲ್ಲ ಅನ್ನಬೇಕಾಗಿ ಬಂದ್ರೆ ಏನು ಮಾಡೋದು ಅನ್ನೋದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅದೊಂದೇ ಭಯ ನಮ್ಮ ಮನೇಲಿ.

ಹೀಗಿರೋವಾಗ ಒಂದು ಬೇಸಿಗೇಲಿ ಗುಳಿಗೆಯಮ್ಮ ಬಂದ್ಲು. ಹೆಗಲಲ್ಲಿ ಗುಳಿಗೆ ಡಬ್ಬಿ, ಕೈಯಲ್ಲಿ ಬಣ್ಣಬಣ್ಣದ ಗೆರೆ ಎಳೆದಿರೋ ಉದ್ದನೆ ಕೋಲು. ಜನರನ್ನ ಕೋಲಿಗೆ ಒರಗಿಸಿ ನಿಲ್ಲಿಸೋದು, ಎತ್ತರಕ್ಕೆ ತಕ್ಕಷ್ಟು ಗುಳಿಗೆ ಕೊಡೋದು, ನುಂಗಿದ ಮೇಲೆ ಕಿರುಬೆರಳಿಗೆ ಕರೀ ಮಸಿ ಹಚ್ಚೋದು, ಇದು ಅವಳ ಕೆಲಸ.

"ನಿಮ್ಮ ರಕ್ತದಲ್ಲಿ ದಾರದೆಳೆಗಿಂತ ಸಣ್ಣ ಹುಳ ಇರುತ್ತೆ" ಅಂತ ಬೀದಿ ಬೀದೀಲಿ ನಿಂತು ಹೇಳಿದ್ಲು. "ಸೊಳ್ಳೆ ಅದನ್ನ ಒಬ್ಬರಿಂದ ಒಬ್ಬರಿಗೆ ಹೊತ್ತು ಹಾಕುತ್ತೆ. ಕಾಲು ದಪ್ಪ ಆಗೋದು ಎಷ್ಟೋ ವರ್ಷ ಆದ್ಮೇಲೆ. ಆಗಿದ್ದನ್ನ ಈ ಗುಳಿಗೆ ಮೊದಲಿನ ಹಾಗೆ ಮಾಡಲ್ಲ, ನಾನು ಸುಳ್ಳು ಹೇಳಲ್ಲ. ಆದ್ರೆ ಊರೆಲ್ಲ ಒಟ್ಟಿಗೆ ನುಂಗಿದ್ರೆ, ವರ್ಷ ವರ್ಷ ನುಂಗಿದ್ರೆ, ಸೊಳ್ಳೆಗೆ ಹೊರೋಕೆ ಹುಳಾನೇ ಸಿಗಲ್ಲ. ನಿಮ್ಮ ಮಕ್ಕಳ ಕಾಲು ಉಳಿಯುತ್ತೆ."

"ಹುಳ ಎಲ್ಲಿದೆಯಮ್ಮ ಇಲ್ಲಿ? ನಮ್ಮೂರಲ್ಲಿ ಇರೋದು ಮೆಟ್ಟಿಲು" ಅಂದ್ಲು ಒಬ್ಬಳು.

"ಔಷಧಿ ಒಳ್ಳೇದೇ ಇರ್ಬೇಕು ತಾಯಿ. ಪಕ್ಕದ ಮನೆಯೋರು ತಗೊಳ್ಳಲಿ, ಆಮೇಲೆ ನಾವು" ಅಂದ ಇನ್ನೊಬ್ಬ.

ಪಕ್ಕದ ಮನೆಯೋರು ಅದರ ಪಕ್ಕದ ಮನೆ ತೋರಿಸಿದ್ರು. ಹಾಗೇ ತೋರಿಸ್ತಾ ತೋರಿಸ್ತಾ ಗುಳಿಗೆಯಮ್ಮ ಊರು ಒಂದು ಸುತ್ತು ಬಂದು, ಶುರು ಮಾಡಿದ ಮನೆ ಮುಂದೇನೇ ನಿಂತಿದ್ಲು.

"ಸೊಳ್ಳೆ ಹೀಗೆ ಕೇಳಲ್ಲ ಕಣ್ರಪ್ಪ, ಮೊದಲು ಯಾರು ಅಂತ" ಅಂದ್ಲಂತೆ.

"ಅದಕ್ಕೇ ಅಲ್ವಾ ಅದು ಸೊಳ್ಳೆ? ನಾವು ಮರ್ಯಾದಸ್ತರು" ಅಂದ್ರಂತೆ.

ಇನ್ನೂ ಒಂದು ತೊಡಕು. ಚಿಕ್ಕ ಹಸುಗೂಸುಗಳಿಗೆ, ಬಸುರಿಯರಿಗೆ, ಹಾಸಿಗೆ ಹಿಡಿದು ಮಲಗಿದವರಿಗೆ ಗುಳಿಗೆ ಬೇಡ ಅಂತ ಅವಳು ಹೇಳಿದ್ದೇ ತಪ್ಪಾಯ್ತು. ಅಷ್ಟರಲ್ಲೇ ಊರಿನ ಗಟ್ಟಿಮುಟ್ಟು ಗಂಡಸರೆಲ್ಲ ಹಾಸಿಗೆ ಹಿಡಿದ್ರು. ಬೆಳಗ್ಗೆ ಮೂಟೆ ಹೊತ್ತೋರೂ ನರಳೋಕೆ ಶುರು.

ಕೊನೆಗೆ ಎಲ್ಲರೂ ಒಂದೇ ಮಾತು ಹೇಳಿದ್ರು: "ಬಾಯಣ್ಣ ನುಂಗಲಿ."

ಇಷ್ಟೆಲ್ಲ ಆಗೋವಾಗ ನಾನು ಕಟ್ಟೆ ಹಿಂದಿನ ನೆರಳಲ್ಲಿ ಮಲಗಿದ್ದೆ. ಗುಳಿಗೆಯಮ್ಮ ನನ್ನ ಹುಡುಕ್ಕೊಂಡು ಮನೆಗೆ ಹೋಗಿ, ನಮ್ಮನೆಯವಳ ಹತ್ರ ಮಾತಾಡಿ ಬಂದಿದ್ಲಂತೆ. ಮಧ್ಯಾಹ್ನ ಇಳಿದ ಮೇಲೆ ಎದ್ದು ಮನೆಗೆ ಹೋದ್ರೆ, ನಮ್ಮನೆಯವಳೂ ಮಗಳೂ ಒಂದೇ ಕಂಬಳಿ ಹೊದ್ಕೊಂಡು ಮೂಲೇಲಿ ಕೂತಿದಾರೆ. ಹೊರಗೆ ನೆಲ ಕಾದ ಹೆಂಚಾಗಿದೆ.

"ಏನೇ ಇದು?"

"ಚಳಿ ಅಷ್ಟೇ."

"ಈ ಬಿಸಿಲಲ್ಲಾ?"

"ಚಳಿ ನಿಮ್ಮನ್ನ ಕೇಳಿ ಬರುತ್ತಾ? ಕೈ ತೊಳೀರಿ, ಬಡಿಸ್ತೀನಿ."

ಬಡಿಸೋವಾಗ ನೋಡಿದೆ, ಅವಳ ಕಿರುಬೆರಳು ಕಪ್ಪಗಿತ್ತು. "ಬಾಣಲೆ ಮಸಿ" ಅಂದ್ಲು. ನಾನೂ ಇರಬಹುದು ಅಂದ್ಕೊಂಡೆ. ನನ್ನ ಗಮನ ಸಾರಿನ ಮೇಲಿತ್ತು. ಅವತ್ತಿನ ಸಾರಿಗೆ ಉಪ್ಪು ಹದವಾಗಿ ಬಿದ್ದಿತ್ತು. ಅವಳ ಕೈಯಲ್ಲಿ ಯಾವಾಗ್ಲೂ ಹಾಗೇ ಬೀಳುತ್ತೆ.

ಸಂಜೆ ಯಜಮಾನರು ಹೇಳಿ ಕಳಿಸಿದ್ರು. "ನಾಳೆ ನುಂಗು. ಆದ್ರೆ ಇದು ಅನ್ನ ಅಲ್ಲ, ಔಷಧಿ. ನುಂಗಿದ ತಕ್ಷಣ ಎದ್ದು ಆಯ್ತು ಅಂದ್ರೆ ಊರು ಒಪ್ಪಲ್ಲ. ಸಂಜೆವರೆಗೂ ಕಟ್ಟೆ ಮೇಲೆ ಕೂತಿರು. ನಾವು ನೋಡ್ತಾ ಇರ್ತೀವಿ."

"ನೀವೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡ್ತೀರಾ ಬುದ್ಧೀ?"

"ಊರಿನ ಹಿತ ಕಣಯ್ಯ" ಅಂದು ಶಾಲು ಸರಿ ಮಾಡ್ಕೊಂಡ್ರು.

ಮಾರನೇ ದಿನ ಊರೆಲ್ಲ ಕಟ್ಟೆ ಸುತ್ತ ಸೇರ್ತು. ಹಾಸಿಗೆ ಹಿಡಿದವರು ಹಾಸಿಗೆ ಸಮೇತ ಬಂದು, ನೆರಳಿರೋ ಜಾಗ ಹಿಡಿದ್ರು. ಗುಳಿಗೆಯಮ್ಮ ನನ್ನ ಕೋಲಿಗೆ ಒರಗಿಸಿದ್ದೇ ತಡ, ಗುಂಪಿನಲ್ಲಿ ಗುಸುಗುಸು. ನಮ್ಮಲ್ಲಿ ಮನುಷ್ಯನ್ನ ತಲೆಯಿಂದ ಪಾದದವರೆಗೆ ಅಳೆಯೋದು ಜೀವಮಾನದಲ್ಲಿ ಒಂದೇ ಸಲ. ಅಳೆಯೋನು ಮಸಣದಲ್ಲಿ ಗುಂಡಿ ತೋಡೋನು. ಅವನು ಅಲ್ಲೇ ಮುಂದಿನ ಸಾಲಲ್ಲಿ ನಿಂತಿದ್ದ.

"ನನ್ನ ಕೆಲಸಕ್ಕೆ ಯಾಕಮ್ಮ ಕೈ ಹಾಕ್ತೀಯ?" ಅಂದ.

"ನಾನು ಗುಳಿಗೆಗೆ ಅಳೀತಿರೋದಪ್ಪ."

"ಹೆಂಗೋ ಆಗಲಿ, ಅಳತೆ ಜೋರಾಗಿ ಹೇಳು. ಬೇಕಾದ್ರೆ ಇರಲಿ" ಅಂದ. ಒಳ್ಳೇ ಮನುಷ್ಯ. ಅವನ ಕಸುಬು ಅವನಿಗೆ.

ಹೊಟ್ಟೆ ತುಂಬಾ ತಿಂದ ಮೇಲೆ ನುಂಗಬೇಕು ಅಂದ್ಲು ಗುಳಿಗೆಯಮ್ಮ. ಆ ಭಾಗ ನಾನು ಚೆನ್ನಾಗಿ ಮಾಡಿದೆ. ಎರಡನೇ ಸಲವೂ ಬಡಿಸ್ಕೊಂಡೆ. ಆಮೇಲೆ ಒಂದೊಂದೇ ಗುಳಿಗೆ ಬಾಯಿಗೆ ಹಾಕಿದೆ. ಊರೆಲ್ಲ ನನ್ನ ಗಂಟಲು ನೋಡ್ತು. ಗಂಟಲು ಮೇಲೆ ಹೋಯ್ತು, ಕೆಳಗೆ ಬಂತು. ಊರಿನ ಕಣ್ಣೂ ಮೇಲೆ ಹೋದ್ವು, ಕೆಳಗೆ ಬಂದ್ವು. ಗುಳಿಗೆಯಮ್ಮ ಬೆರಳಿಗೆ ಮಸಿ ಹಚ್ಚಿದ್ಲು.

ಕೂತೆ. ಅವರು ನೋಡಿದ್ರು. ನಾನು ಆಕಳಿಸಿದೆ. "ಆಕಳಿಸ್ದ!" ಅಂತ ಹಿಂದಿನವರಿಗೆ ಸುದ್ದಿ ಹೋಯ್ತು. ಕೆನ್ನೆ ಕೆರ್ಕೊಂಡೆ. "ಕೆರ್ಕೊಂಡ!" ಹಿಂದಿನ ಸಾಲಿಗೆ ಮುಟ್ಟೋ ಹೊತ್ತಿಗೆ ನನಗೆ ಮೈಯೆಲ್ಲ ಗಂಧೆ ಎದ್ದು ಒಂದು ಕಣ್ಣು ಮುಚ್ಚಿಹೋಗಿತ್ತಂತೆ. ಹಿಂದಿನವರಲ್ಲಿ ಇಬ್ಬರು ನನಗೋಸ್ಕರ ಅತ್ತರಂತೆ. ಇವತ್ತಿಗೂ ಅವರ ಮೇಲೆ ನನಗೆ ಪ್ರೀತಿ ಇದೆ.

ಬಿಸಿಲು ಇನ್ನೂ ಇಳಿದಿರಲಿಲ್ಲ, ನನ್ನ ಬೆನ್ನಲ್ಲಿ ಒಂದು ತಣ್ಣನೆ ಎಳೆ ಹರೀತು. ಆಮೇಲೆ ಮೊಣಕಾಲು ಅಲ್ಲಾಡಿತು. ಆಮೇಲೆ ಹಲ್ಲು. ಟಕಟಕ ಅನ್ನೋ ಸದ್ದು ನನಗೇ ಕೇಳಿಸ್ತು. ಎಲ್ಲರಿಗೂ ಕೇಳಿಸ್ತು. ಗುಂಪು ಹಿಂದಕ್ಕೆ ಸರೀತು. ಹಾಸಿಗೆ ಹಿಡಿದವರು ಹಾಸಿಗೆ ಬಿಟ್ಟು ಓಡಿದ್ರು. ಗುಂಡಿ ತೋಡೋನು ಮಾತ್ರ ಒಂದು ಹೆಜ್ಜೆ ಮುಂದಕ್ಕೆ ಬಂದ.

"ಹೆದರ್ಬೇಡಿ!" ಅಂತ ಗುಳಿಗೆಯಮ್ಮ ಕೂಗಿದ್ಲು. "ಇದು ಒಳ್ಳೇದು. ಒಳಗೆ ಹುಳ ಜಾಸ್ತಿ ಇದ್ದೋರಿಗೇ ಹೀಗೆ ಜ್ವರ ಬರೋದು. ಹುಳ ಸಾಯ್ತಿದೆ. ನಾಳೆ ನಾಡಿದ್ದರಲ್ಲಿ ಸರಿಹೋಗುತ್ತೆ. ಹುಳ ಇಲ್ಲದವರಿಗೆ ಏನೂ ಆಗಲ್ಲ."

ಪಾಪ, ಧೈರ್ಯ ಹೇಳಿದ್ಲು. ಆದ್ರೆ ನಮ್ಮ ಊರಿಗೆ ಸಾವಿಗಿಂತ ದೊಡ್ಡ ಭಯ ಬೇರೆ ಇತ್ತು ಅನ್ನೋದು ಅವಳಿಗೆ ಗೊತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮುಖದಿಂದ ನಿಧಾನವಾಗಿ ಕೆಳಗಿಳಿದು ನನ್ನ ಕಾಲಿನ ಮೇಲೆ ಕೂತ್ವು. ಎರಡೂ ಸಮ ಇರೋ ಕಾಲು. ಸಮ ಇದ್ದೋನ ಒಳಗೇ ಹುಳ ಇದ್ರೆ? ನುಂಗಿದವರೆಲ್ಲ ಹೀಗೆ ಹತ್ತು ಜನರ ಮುಂದೆ ನಡುಗಬೇಕಾಗಿ ಬಂದ್ರೆ? ಯಾರದು ಮೆಟ್ಟಿಲು, ಯಾರದು ಹುಳ ಅಂತ ಊರಿಗೆಲ್ಲ ಗೊತ್ತಾಗಿಬಿಟ್ರೆ? ಒಬ್ಬೊಬ್ಬರೇ ಸೆರಗು, ಪಂಚೆ ಸರಿ ಮಾಡ್ಕೊಂಡು ಮನೆ ಕಡೆ ತಿರುಗೋಕೆ ಶುರು ಮಾಡಿದ್ರು.

ಗುಳಿಗೆಯಮ್ಮನ ಮುಖ ಇಳೀತು. ಡಬ್ಬಿ ತುಂಬಾ ಇತ್ತು.

ಗುಂಪಿನ ಅಂಚಿನಲ್ಲಿ ನಮ್ಮನೆಯವಳು ನಿಂತಿದ್ಲು. ಮಗಳ ಕೈ ಹಿಡಿದಿದ್ಲು. ಅವಳು ನನ್ನ ಕಾಲು ನೋಡ್ತಿರಲಿಲ್ಲ. ನನ್ನ ಬಾಯಿ ನೋಡ್ತಿದ್ಲು. ಊರು ನುಂಗದಿದ್ರೆ ಸೊಳ್ಳೆ ನಿಲ್ಲಲ್ಲ. ಸೊಳ್ಳೆ ನಿಲ್ಲದಿದ್ರೆ ಒಂದು ದಿನ ದೀಪ ಹಚ್ಚೋ ಹೊತ್ತಿಗೆ ನಾನು ಇಲ್ಲ ಅನ್ನಬೇಕಾಗುತ್ತೆ. ಅಷ್ಟು ನನಗೂ ಅರ್ಥ ಆಯ್ತು.

ಆ ಗಳಿಗೇಲಿ ದೊಡ್ಡ ಮಾತೇನಾದ್ರೂ ಹೊಳೀಬೇಕಿತ್ತು. ಹೊಳೀಲಿಲ್ಲ. ಹಿಂದಿನ ದಿನ ಮನೇಲಿ ಕೇಳಿದ್ದು ಹಾಗೇ ಬಾಯಿಗೆ ಬಂತು.

"ಚಳಿ" ಅಂದೆ. "ಚಳಿ ಅಷ್ಟೇ. ಯಾರಾದ್ರೂ ಒಂದು ಕಂಬಳಿ ಕೊಡ್ರಪ್ಪ."

ಎದ್ದೆ. ಕಾಲು ನಿಲ್ತಿರಲಿಲ್ಲ. ಒಂದು ಸುತ್ತು ತಿರುಗಬೇಕಿತ್ತು, ತೂರಾಡಿ ಒಂದೂವರೆ ಆಗಿಹೋಯ್ತು. ಮುಖ ಹಿಂದಕ್ಕಿತ್ತು, ಕಟ್ಟೆ ಮೇಲಿನ ಮರದ ಕಡೆ. ಮರಕ್ಕೇ ಹೇಳಿದೆ: "ಆಯ್ತು."

ತಲೆ ಮೇಲೆ ಸೂರ್ಯ ಕೆಂಡದ ಹಾಗೆ ಉರೀತಿದ್ದ. ಯಜಮಾನರು ತಲೆ ಎತ್ತಿ ಸೂರ್ಯನ್ನ ನೋಡಿದ್ರು. ನನ್ನನ್ನ ನೋಡಿದ್ರು. ತಮ್ಮ ಶಾಲು ನೋಡ್ಕೊಂಡ್ರು. ಆಮೇಲೆ ಅದನ್ನ ಕುತ್ತಿಗೆವರೆಗೂ ಎಳೆದು, "ಹೌದಪ್ಪ, ನನಗೂ ಬೆಳಗ್ಗೆಯಿಂದ ಯಾಕೋ ಚಳಿ ಚಳಿ" ಅಂದ್ರು.

ಅವರು ಗುಳಿಗೆ ಇನ್ನೂ ಮುಟ್ಟಿರಲಿಲ್ಲ.

"ಹೂಂ, ಗಾಳಿ ತಣ್ಣಗಿದೆ" ಅಂದ ಚಪ್ಪಲಿ ಹೊಲಿಯೋನು. ಎಲೆ ಅಲ್ಲಾಡ್ತಿರಲಿಲ್ಲ.

"ನಾನಾಗಲೇ ಅಂದ್ಕೊಂಡೆ, ಸ್ವೆಟರ್ ತರ್ಬೇಕಿತ್ತು ಅಂತ" ಅಂದ್ಲು ಮೆಟ್ಟಿಲಿನ ಮಾತಾಡಿದ್ದ ಹೆಂಗಸು, ಹಣೆ ಬೆವರು ಒರೆಸ್ಕೊಳ್ತಾ.

ಯಜಮಾನರು ಪಂಚಾಂಗದವರ ಕಡೆ ತಿರುಗಿದ್ರು. "ಏನ್ರೀ ಜೋಯಿಸರೇ, ಈಗ ಯಾವ ಕಾಲ?"

ಪಂಚಾಂಗದವರು ಬೆರಳು ಮಡಿಸಿದ್ರು, ಬಿಚ್ಚಿದ್ರು, ಯಜಮಾನರ ಮುಖ ನೋಡಿದ್ರು. "ಇವತ್ತು ಮಧ್ಯಾಹ್ನದಿಂದ ಚಳಿಗಾಲ ಹುಟ್ಟಿದೆ ಬುದ್ಧೀ. ನಾಳೆ ಸಂಜೆಗೆ ಬಿಡುತ್ತೆ. ತಡವಾಗಿ ನುಂಗಿದವರಿಗೆ ನಾಡಿದ್ದಿನವರೆಗೂ ಇರಬಹುದು."

ಅಷ್ಟೇ ಬೇಕಿತ್ತು. ಊರೆಲ್ಲ ಮನೆಗೋಡಿ ಕಂಬಳಿ, ಕೌದಿ, ರಗ್ಗು, ಸಿಕ್ಕಿದ್ದು ಹೊತ್ಕೊಂಡು, ಉಂಡ್ಕೊಂಡು ವಾಪಸ್ ಬಂತು. ಗುಳಿಗೆಯಮ್ಮ ಕೋಲು ನೆಟ್ಟಳು. ಒಬ್ಬೊಬ್ಬರೇ ಒರಗಿದ್ರು, ನುಂಗಿದ್ರು, ಬೆರಳು ಚಾಚಿದ್ರು, ಕಂಬಳಿ ಹೊದ್ರು. ಒರಗಿದ್ರು, ನುಂಗಿದ್ರು, ಚಾಚಿದ್ರು, ಹೊದ್ರು. ಒಬ್ಬ ಗುಳಿಗೆ ದವಡೇಲಿ ಇಟ್ಕೊಂಡು ಬೇಲಿ ಕಡೆ ಹೊರಟ. "ಬಾಪ್ಪ ಇಲ್ಲಿ, ನಾಲಿಗೆ ಎತ್ತು" ಅಂತ ಗುಳಿಗೆಯಮ್ಮ ಅವನ ಕಂಬಳಿ ಹಿಡಿದು ಎಳ್ಕೊಂಡು ಬಂದ್ಲು. ಗುಂಡಿ ತೋಡೋನು ತುದಿಗಾಲಲ್ಲಿ ನಿಂತು ಒಂದು ಗೆರೆ ಎತ್ತರ ಹೆಚ್ಚು ಮಾಡ್ಕೊಳ್ಳೋಕೆ ನೋಡಿದ, ಪುಕ್ಕಟೆ ಬಂದಿದ್ದು ಒಂದು ಜಾಸ್ತಿ ಬರಲಿ ಅಂತ. ಯಜಮಾನರು ಕೊನೇಲಿ ನುಂಗಿದ್ರು. ಶಾಲು ಪಾದದಿಂದ ಒಂದಿಷ್ಟೂ ಸರೀಲಿಲ್ಲ. ಗುಳಿಗೆಯಮ್ಮನೂ ಸರಿಸಿ ಅನ್ನಲಿಲ್ಲ.

ಒಂದು ಮಾತ್ರ ನನಗೆ ವಿಚಿತ್ರ ಅನ್ನಿಸ್ತು. ನಮ್ಮನೆಯವಳೂ ಮಗಳೂ ಇದ್ದ ಕಡೆ ಬಂದಾಗ ಗುಳಿಗೆಯಮ್ಮ ಕೋಲು ನಿಲ್ಲಿಸಲೇ ಇಲ್ಲ. ನಮ್ಮನೆಯವಳೂ ಅವಳೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, ಗುಳಿಗೆಯಮ್ಮ ಮುಂದೆ ಹೋದ್ಲು. ನನಗೆ ಜ್ವರದ ಮಂಪರು. ಕಣ್ಣಿಗೆ ಸರಿಯಾಗಿ ಕಂಡಿಲ್ಲ ಅಂದ್ಕೊಂಡೆ.

ಆಮೇಲೆ ಊರು ಕಟ್ಟೆ ಸುತ್ತ ಕೂತು ನಡುಗಿತು. ಯಾರಿಗೆ ನಿಜವಾಗ್ಲೂ ನಡುಕ ಬಂತೋ ಅವರು ನಡುಗಿದ್ರು. ಬರದೇ ಇದ್ದೋರು ಪಕ್ಕದವರಿಗೆ ಬೇಜಾರಾಗಬಾರದು ಅಂತ ನಡುಗಿದ್ರು. ಕೊನೆಗೆ ಯಾರದು ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಊರಿನ ಜನ ಅಷ್ಟು ಒಗ್ಗಟ್ಟಿನಿಂದ ಏನನ್ನಾದ್ರೂ ಮಾಡಿದ್ದನ್ನ ನಾನು ಅದೇ ಮೊದಲು ನೋಡಿದ್ದು.

ಅವತ್ತಿಂದ ವರ್ಷಾ ವರ್ಷಾ ಗುಳಿಗೆಯಮ್ಮ ಬರೋ ದಿನ ಚಳಿಗಾಲವೂ ಬರುತ್ತೆ. ಈಗೀಗ ಅಷ್ಟೊಂದು ಜನಕ್ಕೆ ನಡುಕ ಬರಲ್ಲ. ಆದ್ರೂ ಹೊದೀತೀವಿ. ಹುಳದ ಮಾತು ನಮ್ಮೂರಲ್ಲಿ ಇವತ್ತಿಗೂ ಯಾರೂ ಆಡಿಲ್ಲ. ಮೆಟ್ಟಿಲು ಮಾತ್ರ ಕಡಿಮೆ ಜಾರುತ್ತಿದೆ. ಯಜಮಾನರು ಅದಕ್ಕೆ ಕಟಕಟೆ ಹಾಕ್ಸಿದಾರೆ, ಅದರಿಂದಲೇ ಅಂತಾರೆ.

ಆ ಮೊದಲ ವರ್ಷದ ಸಂಜೆ ನಾನು ಕಂಬಳಿ ಎಳೆದುಕೊಂಡು ಮನೆಗೆ ಹೋದೆ. ಮೈ ಸುಡ್ತಿತ್ತು, ಆದ್ರೆ ಎದೆ ಉಬ್ಬಿತ್ತು. ನಮ್ಮನೆಯವಳು ಹೊಸಿಲಲ್ಲಿ ಮಗಳ ಕಾಲಿಗೆ ಎಣ್ಣೆ ಸವರ್ತಿದ್ಲು.

"ನೋಡಿದ್ಯೇನೇ?" ಅಂದೆ. "ನಾನು ಮೊದಲು ನುಂಗಿದ್ದಕ್ಕೆ ಊರು ನುಂಗ್ತು. ಇಲ್ಲದಿದ್ರೆ ಈ ಊರಲ್ಲಿ ಒಂದು ಗುಳಿಗೆ ಖರ್ಚಾಗ್ತಿರಲಿಲ್ಲ."

ಅವಳು ಮಗಳ ಎರಡು ಪಾದ ಜೋಡಿಸಿ ಹಿಡಿದ್ಲು. ಅವತ್ತು ನನ್ನ ಏನೂ ಕೇಳಲಿಲ್ಲ. ಮಗಳ ಕಿರುಬೆರಳಲ್ಲಿ ಮಸಿ ಇತ್ತು. ಅವಳ ಬೆರಳಲ್ಲೂ ಇತ್ತು, ಹಿಂದಿನ ದಿನದ್ದು, ಅರ್ಧ ಮಾಸಿದ್ದು. ಬಾಣಲೆ ಮಸಿ ಎಣ್ಣೆಗೆ ಹೋಗುತ್ತೆ. ಅದು ಹೋಗಿರಲಿಲ್ಲ.

"ನೀನು... ನಿನ್ನೇನೇ?" ಅಂದೆ. ಹಲ್ಲು ಮತ್ತೆ ಟಕಟಕ ಅಂತು.

"ಕಂಬಳಿ ಸರಿಯಾಗಿ ಹೊದ್ಕೊಳ್ಳಿ" ಅಂದ್ಲು. "ಉಪ್ಪು ನೋಡದೆ ನಿಮ್ಮ ಬಾಯಿಗೆ ನಾನು ಯಾವತ್ತಾದ್ರೂ ಏನಾದ್ರೂ ಹಾಕಿದೀನಾ?"